ಮುಟ್ಟು ತಪ್ಪಿದಾಗ ಚುಚ್ಚುತ್ತಿದ್ದ ಎಣ್ಣೆ ಇಂಜೆಕ್ಷನ್

ನಮ್ಮ ದೇಶದಲ್ಲಿ ತಯಾರಿಸಬಾರದು, ಮಾರಬಾರದು ಎಂದು ಕೇಂದ್ರ ಸರ್ಕಾರ ನಿಷೇಧಿಸಿದ ಔಷಧಿಗಳ ದೊಡ್ಡ ಪಟ್ಟಿಯೊಂದಿದೆ. ಬಹಳಷ್ಟು ಹೆಸರು ಒಂದೇ ಸಾಲಿನಲ್ಲಿ ಮುಗಿಯುತ್ತವೆ. ಒಂದು ಕಲಮು ಮಾತ್ರ ಸ್ವಲ್ಪ ಉದ್ದ. ಅದರ ತಾತ್ಪರ್ಯ ಹೀಗಿದೆ: ಈಸ್ಟ್ರೊಜನ್ ಮತ್ತು ಪ್ರೊಜೆಸ್ಟಿನ್ ಬೆರೆಸಿದ ಮಾತ್ರೆಗಳಲ್ಲಿ, ಗರ್ಭನಿರೋಧಕ ಮಾತ್ರೆ ಬಿಟ್ಟು, ಮೊದಲನೆಯದು 50 ಮೈಕ್ರೋಗ್ರಾಂ, ಎರಡನೆಯದು 3 ಮಿಲಿಗ್ರಾಂ ಮೀರಬಾರದು. ಇವೆರಡನ್ನೂ ಬೆರೆಸಿದ ಇಂಜೆಕ್ಷನ್ ಇರಲೇಬಾರದು. ತಾರೀಖು 1989ರ ಆಗಸ್ಟ್ 10.

ಈ ಒಂದು ಕಲಮಿನ ಹಿಂದೆ ಸುಮಾರು ಅರವತ್ತು ವರ್ಷದ ಕಥೆ ಇದೆ. ಬರ್ಲಿನ್‌ನಲ್ಲಿ ಶುರುವಾಗಿ, ಇಂಗ್ಲೆಂಡಿನ ಒಂದು ಮಕ್ಕಳ ಆಸ್ಪತ್ರೆ ಹಾದು, ದೆಹಲಿಯ ಸುಪ್ರೀಂ ಕೋರ್ಟ್ ತನಕ ಬಂದ ಕಥೆ. ಅದರ ನಡುವೆ ಇರುವುದು ಒಂದು ಸಣ್ಣ ಗಾಜಿನ ಆಂಪ್ಯೂಲು, ಅದರೊಳಗೆ ಎಣ್ಣೆ, ಎಣ್ಣೆಯಲ್ಲಿ ಕರಗಿದ ಔಷಧಿ. ಹೆಸರು ಎಸ್ಟ್ರಡಯಾಲ್ ಬೆಂಜೊಯೇಟ್. ಹೆಸರು ಬಾಯಿಗೆ ಬರದಿದ್ದರೆ ಬೇಡ. ಊರಲ್ಲಿ ಯಾರೂ ಅದನ್ನು ಆ ಹೆಸರಿನಿಂದ ಕರೆದವರಲ್ಲ. 'ಮುಟ್ಟು ಬರೋ ಇಂಜೆಕ್ಷನ್' ಅಂದರೆ ಸಾಕಾಗುತ್ತಿತ್ತು.

ಮೊದಲು ಈ ವಸ್ತು ಎಲ್ಲಿಂದ ಬಂತು ನೋಡೋಣ.

ಹೆಣ್ಣಿನ ಅಂಡಾಶಯದಲ್ಲಿ ಏನೋ ಒಂದು ರಸ ಹುಟ್ಟುತ್ತದೆ, ಮುಟ್ಟು, ಗರ್ಭ ಎಲ್ಲ ಅದರ ಹಿಡಿತದಲ್ಲಿದೆ ಎಂಬುದು ಇಪ್ಪತ್ತನೇ ಶತಮಾನದ ಆರಂಭಕ್ಕೇ ವೈದ್ಯರಿಗೆ ಗೊತ್ತಿತ್ತು. ಅದನ್ನು ಹೊರತೆಗೆಯುವುದೇ ಕಷ್ಟವಾಗಿತ್ತು. ಪ್ರಾಣಿಗಳ ಅಂಡಾಶಯ ಎಷ್ಟು ಅರೆದರೂ ಸಿಗುವುದು ಚಿಟಿಕೆಗಿಂತ ಕಡಿಮೆ. ಮುಂದೆ ಅಮೆರಿಕದ ಎಡ್ವರ್ಡ್ ಡಾಯ್ಸಿ ಎಂಬ ವಿಜ್ಞಾನಿ ಎಸ್ಟ್ರಡಯಾಲ್ ಬೇರ್ಪಡಿಸಲು ಹಂದಿಗಳ ಅಂಡಾಶಯವನ್ನು ನಾಲ್ಕು ಟನ್ ತರಿಸಿದರು. ಟ್ರ್ಯಾಕ್ಟರ್ ಟ್ರೇಲರ್ ತುಂಬ ಮಾಲು ಎಂದಿಟ್ಟುಕೊಳ್ಳಿ. ಸಿಕ್ಕಿದ್ದು ಕೆಲವೇ ಮಿಲಿಗ್ರಾಂ.

ದಾರಿ ತೋರಿಸಿದ್ದು ಮೂತ್ರ. 1927ರಲ್ಲಿ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝೊಂಡೆಕ್ ಎಂಬ ಇಬ್ಬರು ವೈದ್ಯರು ಗರ್ಭಿಣಿಯರ ಮೂತ್ರದಲ್ಲಿ ಹಾರ್ಮೋನು ಧಾರಾಳವಾಗಿ ಹರಿದುಹೋಗುತ್ತದೆ ಎಂದು ಕಂಡುಕೊಂಡರು. ಜಗತ್ತು ಚೆಲ್ಲುತ್ತಿದ್ದುದೇ ಕಚ್ಚಾ ಮಾಲಾಯಿತು. ಔಷಧಿ ಕಂಪನಿಗಳು ಮೂತ್ರ ಸಂಗ್ರಹಕ್ಕೆ ಇಳಿದವು. ಬರ್ಲಿನ್‌ನ ಶೆರಿಂಗ್ ಕಂಪನಿ ಅದರಿಂದ ತೆಗೆದ ಸಾರವನ್ನು ಗ್ಯೊಟಿಂಗನ್ ಊರಿನ ಅಡಾಲ್ಫ್ ಬುಟೆನಾಂಟ್ ಎಂಬ ಯುವ ರಸಾಯನ ವಿಜ್ಞಾನಿಗೆ ಕೊಟ್ಟಿತು. 1929ರಲ್ಲಿ ಅವರು ಶುದ್ಧ ಹರಳು ತೆಗೆದರು. ಅದೇ ವರ್ಷ ಅಮೆರಿಕದಲ್ಲಿ ಡಾಯ್ಸಿ ಕೂಡ ತೆಗೆದಿದ್ದರು. ಈಗ ಅದನ್ನು ಎಸ್ಟ್ರೋನ್ ಎನ್ನುತ್ತೇವೆ. ಸ್ವಲ್ಪ ಸಮಯದಲ್ಲೇ ಬಸುರಿ ಕುದುರೆಯ ಮೂತ್ರದಲ್ಲಿ ಇನ್ನೂ ಹೆಚ್ಚು ಇದೆ ಎಂದು ಝೊಂಡೆಕ್ ತೋರಿಸಿದರು. ಲಾಯಗಳಿಗೂ ಬೆಲೆ ಬಂತು.

ಹಾಲೆಂಡಿನ ಆರ್ಗನಾನ್ ಕಂಪನಿಯ ಮೂಲವಂತೂ ಕಸಾಯಿಖಾನೆ. ಮಾಂಸ ವ್ಯಾಪಾರಿಯೊಬ್ಬರು ಮಿಕ್ಕ ಅಂಗಾಂಗಗಳನ್ನು ವ್ಯರ್ಥ ಮಾಡುವುದೇಕೆ ಎಂದು 1923ರಲ್ಲಿ ಶುರುಮಾಡಿದ ಉದ್ಯಮ ಅದು. 1931ರಿಂದ ಆ ದೇಶದಲ್ಲಿ ಬಸುರಿಯರು ತಮ್ಮ ಮೂತ್ರವನ್ನು ಔಷಧಿಗಾಗಿ ಕೊಡುವ ಪದ್ಧತಿಯೇ ಬೆಳೆಯಿತು. 'ತಾಯಂದಿರಿಗಾಗಿ ತಾಯಂದಿರು' ಎಂಬ ಅರ್ಥದ ಹೆಸರು ಅದಕ್ಕೆ. ನಮ್ಮಲ್ಲಿ ಡೇರಿ ಕ್ಯಾನ್ ಕಾಯುವಂತೆ ಅಲ್ಲಿ ಬಾಟಲಿ ಕಾಯುತ್ತಿದ್ದರು.

ಇಲ್ಲಿ ಒಂದು ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ. ಆಶ್‌ಹೈಮ್ ಮತ್ತು ಝೊಂಡೆಕ್ ಮೂತ್ರದಿಂದ ಇನ್ನೊಂದು ಕೆಲಸವನ್ನೂ ಸಾಧಿಸಿದರು. ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗೆ ಚುಚ್ಚಿ, ಕೆಲವು ದಿನ ಬಿಟ್ಟು ಇಲಿಯ ಅಂಡಾಶಯ ನೋಡಿದರೆ ಆಕೆ ಗರ್ಭಿಣಿಯೋ ಅಲ್ಲವೋ ಹೇಳಬಹುದಿತ್ತು. ಜಗತ್ತಿನ ಮೊದಲ ನಂಬಲರ್ಹ ಗರ್ಭ ಪರೀಕ್ಷೆ ಇದೇ. ಆ ಇಲಿ ಮಾತ್ರ ಸಾಯಬೇಕಿತ್ತು. ಬಳಿಕ ಮೊಲ ಬಂತು, ಆಫ್ರಿಕಾದ ಒಂದು ಜಾತಿಯ ಕಪ್ಪೆ ಬಂತು. ಕಪ್ಪೆ ಮೊಟ್ಟೆ ಇಟ್ಟರೆ ಹೆಂಗಸು ಬಸುರಿ! ಕಪ್ಪೆಯನ್ನು ಕೊಲ್ಲಬೇಕಿರಲಿಲ್ಲ, ಅದೇ ಅದರ ಅನುಕೂಲ.

ಈ ಇಬ್ಬರೂ ಯಹೂದಿಗಳು. 1933ರಲ್ಲಿ ಹಿಟ್ಲರ್ ಬಂದ. ಆಶ್‌ಹೈಮ್ ಪ್ಯಾರಿಸ್‌ಗೆ ಹೋದರು, ಝೊಂಡೆಕ್ ಸ್ಟಾಕ್‌ಹೋಮ್ ಮೂಲಕ ಜೆರುಸಲೇಮ್ ಸೇರಿದರು. ಬುಟೆನಾಂಟ್ ಜರ್ಮನಿಯಲ್ಲೇ ಉಳಿದರು. 1939ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾದಾಗ ನಾಜಿ ಸರ್ಕಾರ ಸ್ವೀಕರಿಸಲು ಬಿಡಲಿಲ್ಲ.

ಎಸ್ಟ್ರೋನ್ ಸಿಕ್ಕಿತು ಸರಿ. ಅದಕ್ಕಿಂತ ಪ್ರಬಲವಾದದ್ದು ಎಸ್ಟ್ರಡಯಾಲ್. 1933ರಲ್ಲಿ ಶೆರಿಂಗ್‌ನ ಶ್ವೆಂಕ್ ಮತ್ತು ಹಿಲ್ಡೆಬ್ರಾಂಟ್ ಪ್ರಯೋಗಶಾಲೆಯಲ್ಲಿ ಎಸ್ಟ್ರೋನನ್ನೇ ಮಾರ್ಪಡಿಸಿ ಅದನ್ನು ಮಾಡಿದರು. ಆದರೆ ಅದನ್ನು ದೇಹಕ್ಕೆ ಕೊಡುವುದು ಹೇಗೆ? ನುಂಗಿದರೆ ಲಿವರ್ ಬಹುಪಾಲನ್ನು ಕೆಡಿಸಿಬಿಡುತ್ತದೆ. ಎಣ್ಣೆಯಲ್ಲಿ ಕಲಸಿ ಚುಚ್ಚಿದರೆ ಬೇಗ ರಕ್ತಕ್ಕೆ ಸೇರಿ ಬೇಗ ಹೊರಹೋಗುತ್ತದೆ. ದಿನಕ್ಕೆ ಎಷ್ಟು ಸಲ ಚುಚ್ಚುವುದು?

ಆಗ ಬಳಸಿದ ಉಪಾಯವೇ ಎಸ್ಟರ್. ಎಸ್ಟ್ರಡಯಾಲ್‌ಗೆ ಬೆಂಜೊಯಿಕ್ ಆಮ್ಲದ ಒಂದು ಬಾಲ ಅಂಟಿಸಿದರು. ಇದೇನು ಅಪರೂಪದ ಆಮ್ಲವಲ್ಲ. ಅಂಗಡಿಯ ಸಾಸ್ ಬಾಟಲಿಯ ಲೇಬಲ್ ನೋಡಿ, ಸೋಡಿಯಂ ಬೆಂಜೊಯೇಟ್ ಎಂದಿರುತ್ತದೆ. ಆಹಾರ ಕೆಡದಿರಲು ಹಾಕುವ ಅದೇ ಕುಲದ ವಸ್ತು. ಈ ಬಾಲ ಸೇರಿದ ಮೇಲೆ ಎಸ್ಟ್ರಡಯಾಲ್ ಎಣ್ಣೆಯನ್ನು ಹೆಚ್ಚು ಪ್ರೀತಿಸತೊಡಗುತ್ತದೆ, ಅದನ್ನು ಬಿಟ್ಟು ರಕ್ತಕ್ಕೆ ಬರಲು ಸೋಮಾರಿಯಾಗುತ್ತದೆ. ಸೊಂಟದ ಸ್ನಾಯುವಿನೊಳಗೆ ಒಂದು ತೊಟ್ಟು ಎಣ್ಣೆ ಕೂತಿರುತ್ತದೆ. ಅದರಿಂದ ಔಷಧಿ ಹನಿ ನೀರಾವರಿಯ ಪೈಪಿನಂತೆ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ರಕ್ತಕ್ಕೆ ಬಂದ ಕೂಡಲೇ ದೇಹದ ಕಿಣ್ವಗಳು ಬಾಲ ಕತ್ತರಿಸುತ್ತವೆ. ಉಳಿಯುವುದು ಹೆಣ್ಣಿನ ದೇಹ ತಾನೇ ಮಾಡುವಂಥ ಎಸ್ಟ್ರಡಯಾಲ್.

ಶೆರಿಂಗ್ ಇದನ್ನು ಪ್ರೊಗಿನಾನ್ ಬಿ ಎಂದು ಮಾರಿತು. 'ಬಿ' ಅಂದರೆ ಬೆಂಜೊಯೇಟ್. ಒಮ್ಮೆ ಚುಚ್ಚಿದರೆ ನಾಲ್ಕೈದು ದಿನ ಕೆಲಸ. ಇವತ್ತಿನ ಲೆಕ್ಕದಲ್ಲಿ ಅದು ಕಡಿಮೆಯೇ. ಆದರೆ ಆ ಕಾಲಕ್ಕೆ ದೊಡ್ಡ ಜಿಗಿತ. ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯ ಕಳೆದುಕೊಂಡವರಿಗೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯಾಗಿ ಬೆವರಿ ನಿದ್ದೆಗೆಡುವವರಿಗೆ ಇದು ನಿಜವಾದ ಉಪಶಮನ ಕೊಟ್ಟಿತು. ಅದನ್ನು ಮರೆತು ಈ ಔಷಧಿಯನ್ನು ಹುಟ್ಟಿನಿಂದಲೇ ಖಳನಾಯಕ ಮಾಡುವುದು ಸರಿಯಲ್ಲ.

ದಾರಿ ತಿರುಗಿದ್ದು ಹೀಗೆ. 1930ರ ದಶಕದ ಆರಂಭದಲ್ಲಿ ಬರ್ಲಿನ್‌ನ ಕಾರ್ಲ್ ಕೌಫ್‌ಮನ್ ಎಂಬ ವೈದ್ಯರು ಅಂಡಾಶಯವೇ ಇಲ್ಲದ ಮಹಿಳೆಗೆ ಮೊದಲು ಈಸ್ಟ್ರೊಜನ್, ಆಮೇಲೆ ಪ್ರೊಜೆಸ್ಟರಾನ್ ಅಂಶ ಚುಚ್ಚಿ ಮುಟ್ಟು ಬರಿಸಿದರು. ಹೊಲದ ಉದಾಹರಣೆ ತೆಗೆದುಕೊಂಡರೆ, ಈಸ್ಟ್ರೊಜನ್ ಗರ್ಭಕೋಶದ ಒಳಪದರವನ್ನು ಬೆಳೆಸುವ ಮಳೆ. ಪ್ರೊಜೆಸ್ಟರಾನ್ ಆ ಪದರವನ್ನು ಹದಮಾಡಿ ಹಿಡಿದಿಡುತ್ತದೆ. ಎರಡೂ ನಿಂತರೆ ಪದರ ಉದುರುತ್ತದೆ. ಅದೇ ಮುಟ್ಟು. ಇದು ದೇಹ ಪ್ರತಿ ತಿಂಗಳು ತಾನೇ ಮಾಡುವ ಕೆಲಸ. ಕೌಫ್‌ಮನ್ ಅದನ್ನು ಸೂಜಿಯಿಂದ ಮಾಡಿ ತೋರಿಸಿದರು. 1942ರಲ್ಲಿ ಜೆರುಸಲೇಮ್‌ನಿಂದ ಅದೇ ಝೊಂಡೆಕ್, ಎರಡೂ ಹಾರ್ಮೋನುಗಳನ್ನು ಕೆಲವೇ ದಿನಗಳಲ್ಲಿ ಕೊಟ್ಟು ನಿಂತ ಮುಟ್ಟು ಬರಿಸುವ ಸರಳ ವಿಧಾನ ಪ್ರಕಟಿಸಿದರು.

ಇಲ್ಲಿಂದ ಮುಂದಿನ ಯೋಚನೆ ಕಂಪನಿಗಳಿಗೆ ಹೊಳೆಯಲು ತಡವಾಗಲಿಲ್ಲ. ಮುಟ್ಟು ತಪ್ಪಿದ ಹೆಂಗಸಿಗೆ ಎರಡೂ ಹಾರ್ಮೋನು ಕೊಡಿ. ಆಕೆ ಗರ್ಭಿಣಿಯಲ್ಲದಿದ್ದರೆ, ಔಷಧಿಯ ಪ್ರಭಾವ ಇಳಿದ ಕೂಡಲೇ ಪದರ ಉದುರಿ ರಕ್ತ ಬರುತ್ತದೆ. ಗರ್ಭಿಣಿಯಾಗಿದ್ದರೆ ಬರುವುದಿಲ್ಲ, ಏಕೆಂದರೆ ಆಕೆಯ ದೇಹವೇ ಬೇಕಾದಷ್ಟು ಹಾರ್ಮೋನು ಸುರಿಸುತ್ತಿರುತ್ತದೆ, ಸೂಜಿಯ ಹಾರ್ಮೋನು ನಿಂತರೂ ಪದರ ಅಲುಗದು. ಅಂದರೆ ಈ ಔಷಧಿಯೇ ಒಂದು ಗರ್ಭ ಪರೀಕ್ಷೆ! ಇಲಿ ಬೇಡ, ಕಪ್ಪೆ ಬೇಡ, ಲ್ಯಾಬ್ ಬೇಡ.

1950ರಲ್ಲಿ ಶೆರಿಂಗ್ ಡ್ಯುಯೊಗಿನಾನ್ ಎಂಬ ಹೆಸರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇಂಜೆಕ್ಷನ್ ರೂಪದಲ್ಲಿ ಇದ್ದದ್ದು ಎಸ್ಟ್ರಡಯಾಲ್ ಬೆಂಜೊಯೇಟ್ ಮತ್ತು ಪ್ರೊಜೆಸ್ಟರಾನ್. 1950ರ ದಶಕದ ಕೊನೆಯಲ್ಲಿ ಬ್ರಿಟನ್ನಿಗೆ ಪ್ರಿಮೊಡೋಸ್ ಎಂಬ ಹೆಸರಿನಲ್ಲಿ ಮಾತ್ರೆಯಾಗಿ ಬಂತು. ಅದರಲ್ಲಿ ಬಾಲದ ಎಸ್ಟರ್ ಬದಲು ನುಂಗಲು ಬರುವ ಇನ್ನೊಂದು ಈಸ್ಟ್ರೊಜನ್ 0.02 ಮಿಲಿಗ್ರಾಂ, ಜೊತೆಗೆ 10 ಮಿಲಿಗ್ರಾಂ ನಾರ್‌ಎಥಿಸ್ಟರೋನ್ ಅಸಿಟೇಟ್. ದಿನಕ್ಕೊಂದರಂತೆ ಎರಡೇ ಮಾತ್ರೆ. ಆ ದೇಶದಲ್ಲಿ ಇಪ್ಪತ್ತು ವರ್ಷದಲ್ಲಿ ಅಂದಾಜು 15 ಲಕ್ಷ ಮಹಿಳೆಯರು ಇಂಥ ಮಾತ್ರೆ ನುಂಗಿದರು. ಹಲವರಿಗೆ ವೈದ್ಯರು ಚೀಟಿಯನ್ನೂ ಬರೆಯಲಿಲ್ಲ, ಮೇಜಿನ ಡ್ರಾಯರ್ ಎಳೆದು ಎರಡು ಮಾತ್ರೆ ಕೈಗಿಟ್ಟರು.

ಸ್ವಲ್ಪ ನಿಂತು ಯೋಚಿಸಿ. ಇಲಿಗೆ ಮೂತ್ರ ಚುಚ್ಚಿ ನೋಡುವ ಪರೀಕ್ಷೆಯಲ್ಲಿ ಹೆಂಗಸಿನ ಮೈಗೆ ಏನೂ ಹೋಗುತ್ತಿರಲಿಲ್ಲ. ಈ ಪರೀಕ್ಷೆಯಲ್ಲಿ ಔಷಧಿ ಹೋಗುವುದು ಬಸುರಿಯಾಗಿರಬಹುದಾದ ಹೆಂಗಸಿಗೇ. ಹೋಗುವ ಸಮಯವೋ, ಮುಟ್ಟು ತಪ್ಪಿದ ಮೊದಲ ವಾರಗಳು. ಮಗುವಿನ ಹೃದಯ, ಬೆನ್ನುಹುರಿ, ಕೈಕಾಲು ಮೂಡುವ ವಾರಗಳು ಅವೇ. ಜೊತೆಗೆ ಪರೀಕ್ಷೆಯೂ ಪಕ್ಕಾ ಅಲ್ಲ. ಬಸುರಿಯಾಗಿದ್ದರೂ ಕೆಲವರಿಗೆ ರಕ್ತ ಕಾಣಿಸಿಕೊಳ್ಳುತ್ತದೆ, ಬಸುರಿಯಲ್ಲದಿದ್ದರೂ ಕೆಲವರಿಗೆ ಬರುವುದಿಲ್ಲ.

1961ರಲ್ಲಿ ಥಾಲಿಡೊಮೈಡ್ ದುರಂತ ಬಯಲಾಯಿತು. ಬಸುರಿಯರ ವಾಕರಿಕೆಗೆ ಕೊಟ್ಟ ಮಾತ್ರೆಯಿಂದ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದವು. ತಾಯಿ ನುಂಗಿದ್ದು ಮಗುವಿಗೆ ತಟ್ಟುತ್ತದೆ ಎಂಬ ಮಾತು ವೈದ್ಯ ಜಗತ್ತಿಗೆ ಆಗ ಖಾತ್ರಿಯಾಯಿತು. ಆದರೂ ಹಾರ್ಮೋನ್ ಪರೀಕ್ಷೆ ನಡೆದೇ ಇತ್ತು.

ಆಗ ಪ್ರಶ್ನೆ ಎತ್ತಿದವರು ಇಸಾಬೆಲ್ ಗಾಲ್. ಹಂಗೇರಿಯಿಂದ ಬಂದ ವೈದ್ಯೆ, ಇಂಗ್ಲೆಂಡಿನ ಸರ್ರೆಯಲ್ಲಿ ಕ್ವೀನ್ ಮೇರೀಸ್ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ. ಬೆನ್ನುಹುರಿ ಮುಚ್ಚದೆ, ತಲೆಯಲ್ಲಿ ನೀರು ತುಂಬಿ ಹುಟ್ಟಿದ ಮಕ್ಕಳು ಅಲ್ಲಿಗೆ ಬರುತ್ತಿದ್ದವು. ಗಾಲ್ ಮತ್ತು ಸಂಗಡಿಗರು ಅಂಥ 100 ತಾಯಂದಿರನ್ನು, ಆರೋಗ್ಯವಂತ ಮಕ್ಕಳನ್ನು ಹೆತ್ತ 100 ತಾಯಂದಿರನ್ನು ಕೇಳಿದರು: ಬಸುರಿನಲ್ಲಿ ಏನೇನು ಔಷಧಿ ತಗೊಂಡಿದ್ದಿರಿ? ಮೊದಲ ಗುಂಪಿನಲ್ಲಿ 19 ಮಂದಿ ಹಾರ್ಮೋನ್ ಗರ್ಭ ಪರೀಕ್ಷೆ ಮಾಡಿಸಿದ್ದರು. ಎರಡನೆಯದರಲ್ಲಿ 4. ಇದು 1967ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು.

ಸಣ್ಣ ಅಧ್ಯಯನ, ನಿಜ. ತಾಯಂದಿರ ನೆನಪಿನ ಮೇಲೆ ನಿಂತದ್ದು, ಅದೂ ನಿಜ. ಮಗುವಿಗೆ ತೊಂದರೆಯಾದ ತಾಯಿ ಹಿಂದಿನದನ್ನೆಲ್ಲ ಹೆಚ್ಚು ಕೆದಕಿ ನೆನಪಿಸಿಕೊಳ್ಳುತ್ತಾಳೆ ಎಂದು ವಿರೋಧಿಗಳು ಹೇಳಿದರು. ಇರಬಹುದು. ಆದರೆ ಆ ಹೊತ್ತಿಗೆ ಇನ್ನೊಂದು ಸಂಗತಿ ನಡೆದುಹೋಗಿತ್ತು. 1960ರಲ್ಲೇ ಸ್ವೀಡನ್ನಿನ ವೀಡೆ ಮತ್ತು ಗೆಮ್‌ಜೆಲ್ ಪ್ರಾಣಿಯೇ ಬೇಡದ ಮೂತ್ರ ಪರೀಕ್ಷೆ ಕಂಡುಹಿಡಿದಿದ್ದರು. ಪ್ರಯೋಗನಾಳದಲ್ಲಿ ಮೂತ್ರ ಬೆರೆಸಿದರೆ ಉತ್ತರ ಕೆಲವು ಗಂಟೆಯಲ್ಲಿ. ಅಂದರೆ ಅಪಾಯವೇ ಇಲ್ಲದ ದಾರಿ ಕಣ್ಣೆದುರು ಇತ್ತು. ಹೀಗಿರುವಾಗ 'ಅಪಾಯ ಸಾಬೀತಾಗಿಲ್ಲ' ಎಂದು ಔಷಧಿ ಮುಂದುವರಿಸುವುದರಲ್ಲಿ ಏನರ್ಥ? ನನಗೆ ಈ ಇಡೀ ಕಥೆಯಲ್ಲಿ ಅರ್ಥವಾಗದ ಭಾಗ ಇದೇ. ಹಾವು ಇದೆಯೋ ಇಲ್ಲವೋ ಎಂದು ವಾದ ಮಾಡುತ್ತಲೇ ಅದೇ ಪೊದೆಯಲ್ಲಿ ಕಾಲಿಟ್ಟು ನಡೆದ ಹಾಗೆ, ಪಕ್ಕದಲ್ಲಿ ರಸ್ತೆ ಇದ್ದರೂ.

1970ರಲ್ಲಿ ನಾರ್ವೆ, ಸ್ವೀಡನ್ ಎಚ್ಚೆತ್ತವು. ಬ್ರಿಟನ್ 1975ರಲ್ಲಿ ವೈದ್ಯರಿಗೆ ಎಚ್ಚರಿಕೆ ಕೊಟ್ಟಿತು. 1978ರಲ್ಲಿ ಪ್ರಿಮೊಡೋಸ್ ಅಲ್ಲಿ ನಿಂತಿತು. ಜರ್ಮನಿಯಲ್ಲಿ ಇನ್ನಷ್ಟು ತಡವಾಯಿತು. ಅಷ್ಟರಲ್ಲಿ ಅಮೆರಿಕದಿಂದ ಇನ್ನೊಂದು ಆಘಾತ ಬಂದಿತ್ತು. ಗರ್ಭ ನಿಲ್ಲಲೆಂದು ತಾಯಂದಿರಿಗೆ ಕೊಟ್ಟ ಡಿಇಎಸ್ ಎಂಬ ಕೃತಕ ಈಸ್ಟ್ರೊಜನ್‌ನಿಂದ, ಹುಟ್ಟಿದ ಹೆಣ್ಣುಮಕ್ಕಳಿಗೆ ಹದಿಹರೆಯ ದಾಟುವ ಹೊತ್ತಿಗೆ ಯೋನಿಯ ಅಪರೂಪದ ಕ್ಯಾನ್ಸರ್ ಬರುತ್ತಿದೆ ಎಂದು 1971ರಲ್ಲಿ ಗೊತ್ತಾಯಿತು. ಮಗು ಹುಟ್ಟುವಾಗ ಚೆನ್ನಾಗಿತ್ತು ಎಂಬುದೇ ಪೂರ್ತಿ ಉತ್ತರವಲ್ಲ ಎಂದಾಯಿತು.

ಈಗ ನಮ್ಮ ದೇಶಕ್ಕೆ ಬರೋಣ.

ಭಾರತದಲ್ಲಿ ಈ ಜೋಡಿ ಔಷಧಿಗೆ ವೈದ್ಯರ ಬಾಯಲ್ಲಿದ್ದ ಹೆಸರು ಇಪಿ ಫೋರ್ಟೆ. ಇ ಅಂದರೆ ಈಸ್ಟ್ರೊಜನ್, ಪಿ ಅಂದರೆ ಪ್ರೊಜೆಸ್ಟರಾನ್, ಫೋರ್ಟೆ ಅಂದರೆ ಖಡಕ್ ಡೋಸು. ಮಾತ್ರೆಯೂ ಇತ್ತು, ಇಂಜೆಕ್ಷನ್ನೂ ಇತ್ತು. ಹಲವು ಕಂಪನಿಗಳು ಬೇರೆ ಬೇರೆ ಹೆಸರಲ್ಲಿ ಮಾರುತ್ತಿದ್ದವು. ಪುಸ್ತಕದ ಪ್ರಕಾರ ಇದು ಬಸುರಿನ ಕಾರಣವಿಲ್ಲದೆ ನಿಂತ ಮುಟ್ಟಿಗೆ. ನಡೆದದ್ದು ಬೇರೆ. ಮೊದಲನೆಯದು ಗರ್ಭ ಪರೀಕ್ಷೆ. ಎರಡನೆಯದು ಅದಕ್ಕಿಂತ ಕೆಟ್ಟದ್ದು: ಗರ್ಭ ಇಳಿಸುವ ಔಷಧಿ ಎಂಬ ನಂಬಿಕೆ.

ಆ ನಂಬಿಕೆ ಹುಟ್ಟಿದ್ದು ಹೇಗೆ ಎಂದು ಊಹಿಸುವುದು ಕಷ್ಟವಲ್ಲ. ಮುಟ್ಟು ಒಂದು ವಾರ ತಡವಾಯಿತು. ಇಂಜೆಕ್ಷನ್ ಚುಚ್ಚಿಸಿಕೊಂಡಳು. ಮುಟ್ಟು ಬಂತು. 'ಬಸುರಿತ್ತು, ಹೋಯಿತು' ಎಂದುಕೊಂಡಳು. ನಿಜವಾಗಿ ಆಕೆ ಬಸುರಿಯೇ ಆಗಿರಲಿಲ್ಲ, ಆಗಿದ್ದರೆ ಮುಟ್ಟು ಬರುತ್ತಲೇ ಇರಲಿಲ್ಲ. ಪಕ್ಕದ ಮನೆಯವಳಿಗೆ ಹೇಳಿದಳು. ಅವಳು ನಿಜಕ್ಕೂ ಬಸುರಿ. ಚುಚ್ಚಿಸಿಕೊಂಡರೆ ಮುಟ್ಟು ಬರಲಿಲ್ಲ. ಡೋಸು ಸಾಲಲಿಲ್ಲವೇನೋ ಎಂದು ಇನ್ನೊಂದು. ಹೀಗೆ ಔಷಧಿ ಹೆಚ್ಚು ಸೇರುತ್ತಿದ್ದುದು ಯಾರ ಮೈಗೆ ಎಂದು ನೋಡಿ. ಯಾರಿಗೆ ಕೊಡಲೇಬಾರದೋ ಅವರಿಗೇ.

ಗರ್ಭಪಾತ ನಮ್ಮಲ್ಲಿ 1971ರ ಕಾನೂನಿನಿಂದ ಷರತ್ತಿನ ಮೇಲೆ ಸಿಗುವಂತಾಗಿತ್ತು. ಆದರೆ ಕಾನೂನು ಇರುವುದು ಬೇರೆ, ಹತ್ತಿರದ ಆಸ್ಪತ್ರೆಯಲ್ಲಿ ಮಹಿಳಾ ವೈದ್ಯೆ ಇರುವುದು ಬೇರೆ, ಊರಿಗೆ ಗೊತ್ತಾಗದೆ ಅಲ್ಲಿಗೆ ಹೋಗಿಬರುವುದು ಇನ್ನೂ ಬೇರೆ. ಇಂಜೆಕ್ಷನ್ ಎಂದರೆ ಐದು ನಿಮಿಷ. ಗಂಡನಿಗೂ ಹೇಳಬೇಕಿಲ್ಲ, ಅತ್ತೆಗೂ ಹೇಳಬೇಕಿಲ್ಲ. ಹೆಂಗಸರು ಅಜ್ಞಾನದಿಂದ ಚುಚ್ಚಿಸಿಕೊಂಡರು ಎಂದು ಬರೆಯುವುದು ಸುಲಭ. ಅವರಿಗೆ ಇದ್ದ ದಾರಿಗಳಲ್ಲಿ ಮರ್ಯಾದೆ ಉಳಿಸುವಂತೆ ಕಂಡ ದಾರಿ ಇದೊಂದೇ ಆಗಿತ್ತು ಎಂಬುದನ್ನೂ ಬರೆಯಬೇಕು.

1980ರ ದಶಕದ ಆರಂಭದಲ್ಲಿ ಈ ಔಷಧಿಯ ವಿರುದ್ಧ ದೇಶದಲ್ಲಿ ದನಿ ಎದ್ದಿತು. ವಾಲಂಟರಿ ಹೆಲ್ತ್ ಅಸೋಸಿಯೇಷನ್ ಆಫ್ ಇಂಡಿಯಾ, ಪುಣೆಯ ಆರೋಗ್ಯ ದಕ್ಷತಾ ಮಂಡಳ, ಮೆಡಿಕೋ ಫ್ರೆಂಡ್ ಸರ್ಕಲ್ ಎಂಬ ವೈದ್ಯರ ಬಳಗ, ಮಹಿಳಾ ಸಂಘಟನೆಗಳು ಜೊತೆಗೂಡಿದವು. ದೆಹಲಿಯಲ್ಲಿ ಡಾ. ಮೀರಾ ಶಿವ ಮುಂಚೂಣಿಯಲ್ಲಿದ್ದರು. ಅವರ ವಾದ ಸರಳ: ಬೇರೆ ದೇಶಗಳು ಬಿಟ್ಟದ್ದನ್ನು ನಮ್ಮ ಹೆಂಗಸರಿಗೆ ಏಕೆ ಕೊಡುತ್ತೀರಿ? ಇದರಿಂದಲೇ ಆಗಬೇಕಾದ, ಬೇರೆ ಔಷಧಿಯಿಂದ ಆಗದ ಚಿಕಿತ್ಸೆ ಯಾವುದಿದೆ?

1982ರಲ್ಲಿ ಔಷಧ ನಿಯಂತ್ರಕರು ನಿಷೇಧದ ಆದೇಶ ಹೊರಡಿಸಿದರು. ಎಲ್ಲರೂ ಗೆದ್ದೆವೆಂದುಕೊಂಡರು. ಕಂಪನಿಗಳು ಕಲ್ಕತ್ತಾ ಮತ್ತು ಬಾಂಬೆ ಹೈಕೋರ್ಟ್‌ಗಳಿಗೆ ಹೋಗಿ ತಡೆಯಾಜ್ಞೆ ತಂದವು. ಔಷಧಿ ಅಂಗಡಿಯಲ್ಲಿ ಮೊದಲಿನಂತೆಯೇ ಮಾರಾಟ.

ಆಗಿನ ಕಾನೂನು ಕೂಡ ದುರ್ಬಲವಾಗಿತ್ತು. 1940ರ ಔಷಧ ಕಾಯ್ದೆ ಮುಖ್ಯವಾಗಿ ಕಲಬೆರಕೆ, ಕಳಪೆ ಔಷಧಿಯ ಮೇಲೆ ಕಣ್ಣಿಟ್ಟದ್ದು. ಔಷಧಿ ಶುದ್ಧವಾಗಿದೆ, ಲೇಬಲ್ ಸರಿಯಾಗಿದೆ, ಆದರೆ ಔಷಧಿಯೇ ಜನರಿಗೆ ಅಪಾಯ ಎಂದಾದರೆ ಕೇಂದ್ರ ಸರ್ಕಾರ ನೇರವಾಗಿ ನಿಷೇಧಿಸುವ ಸ್ಪಷ್ಟ ಅಧಿಕಾರ ಅದರಲ್ಲಿರಲಿಲ್ಲ. 1982ರ ತಿದ್ದುಪಡಿಯಲ್ಲಿ 26ಎ ಎಂಬ ಹೊಸ ಕಲಮು ಸೇರಿ, ಆ ಅಧಿಕಾರ ಬಂತು. ಇವತ್ತು ಪೇಪರಿನಲ್ಲಿ 'ಇಷ್ಟು ನೂರು ಕಾಂಬಿನೇಶನ್ ಮಾತ್ರೆ ನಿಷೇಧ' ಎಂದು ಓದುತ್ತೀರಲ್ಲ, ಅದೆಲ್ಲ ಈ 26ಎ ಬಲದಿಂದಲೇ.

ಮೊಕದ್ದಮೆ ವರ್ಷಗಟ್ಟಲೆ ಎಳೆಯಿತು. ಈ ನಡುವೆ ಕೇರಳದ ವಕೀಲ ವಿನ್ಸೆಂಟ್ ಪಣಿಕ್ಕುಳಂಗರ ಅಪಾಯಕಾರಿ ಔಷಧಿಗಳನ್ನೆಲ್ಲ ನಿಷೇಧಿಸಬೇಕೆಂದು ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. ಜೈಸುಖಲಾಲ್ ಹಾಥಿ ಸಮಿತಿ 1975ರಲ್ಲೇ ಕೊಟ್ಟ ವರದಿ ಧೂಳು ತಿನ್ನುತ್ತಿದೆ ಎಂಬುದು ಅವರ ಒಂದು ಅಹವಾಲು. 1987ರ ತೀರ್ಪಿನಲ್ಲಿ ನ್ಯಾಯಾಲಯ, ಜನರ ಆರೋಗ್ಯ ಕಾಪಾಡುವುದು ಸರ್ಕಾರದ ಹೊಣೆ, ಅದು ಬದುಕುವ ಹಕ್ಕಿಗೆ ಸೇರಿದ್ದು ಎಂಬ ಅರ್ಥದ ಮಾತು ಹೇಳಿತು. ಇಪಿ ಫೋರ್ಟೆ ಬಗ್ಗೆ ಸಾರ್ವಜನಿಕ ವಿಚಾರಣೆ ನಡೆಸುವಂತೆ ಸುಪ್ರೀಂ ಕೋರ್ಟ್ ಸೂಚಿಸಿತು.

ಹೀಗೆ ನಮ್ಮ ದೇಶದಲ್ಲಿ ಒಂದು ಔಷಧಿಯ ಹಣೆಬರಹ ಬಹಿರಂಗ ಸಭೆಗೆ ಬಂತು. ದೊಡ್ಡ ನಗರಗಳಲ್ಲಿ ವಿಚಾರಣೆ ನಡೆದವು. ಒಂದು ಕಡೆ ಕಂಪನಿಯವರು ಮತ್ತು ಅವರ ಪರ ಸ್ತ್ರೀರೋಗ ತಜ್ಞರು. ಇನ್ನೊಂದು ಕಡೆ ಆರೋಗ್ಯ ಕಾರ್ಯಕರ್ತರು, ಮಹಿಳಾ ಸಂಘಟನೆಯವರು, ಅವರ ಪರ ವೈದ್ಯರು. ನಿಂತ ಮುಟ್ಟಿಗೆ ಇದು ಬೇಕೇ ಬೇಕು, ದುರ್ಬಳಕೆ ನಮ್ಮ ತಪ್ಪಲ್ಲ ಎಂದು ಕಂಪನಿ ಪರದವರು. ಬಸುರೋ ಅಲ್ಲವೋ ಎಂದು ನೋಡದೆ ಚುಚ್ಚುವ ದೇಶದಲ್ಲಿ 'ಗರ್ಭಿಣಿಯರಿಗಲ್ಲ' ಎಂದು ಲೇಬಲ್ ಬರೆದರೆ ಯಾರು ಓದುತ್ತಾರೆ ಎಂದು ವಿರೋಧಿಸುವವರು. ಆ ಲೇಬಲ್ ಬರೆದಿದ್ದ ಭಾಷೆಯೂ ಹಳ್ಳಿಯ ಹೆಂಗಸಿನ ಭಾಷೆಯಲ್ಲ.

1988ರಲ್ಲಿ ನಿಷೇಧ ಬಂತು. ಮರುವರ್ಷದ ಅಧಿಸೂಚನೆಯಲ್ಲಿ ಈಗಿರುವ ಪದಗಳು ಸೇರಿದವು. ಮೊದಲ ಆದೇಶದಿಂದ ಲೆಕ್ಕ ಹಾಕಿದರೆ ಆರೇಳು ವರ್ಷ. ಇಸಾಬೆಲ್ ಗಾಲ್ ಬರೆದ ಪತ್ರದಿಂದ ಲೆಕ್ಕ ಹಾಕಿದರೆ ಇಪ್ಪತ್ತೊಂದು.

ಇಷ್ಟೆಲ್ಲ ಆಗಿ, ಆ ಔಷಧಿ ಮಕ್ಕಳಿಗೆ ನಿಜವಾಗಿ ತೊಂದರೆ ಮಾಡಿತ್ತೇ? ಓದುಗರು ಕೇಳಬೇಕಾದ ಪ್ರಶ್ನೆ. ಉತ್ತರ ಇವತ್ತಿಗೂ ಒಂದೇ ಇಲ್ಲ. ಬ್ರಿಟನ್ ಸರ್ಕಾರ ನೇಮಿಸಿದ ತಜ್ಞರ ತಂಡ 2017ರಲ್ಲಿ, ಕಾರಣ ಸಂಬಂಧ ಇದೆ ಎನ್ನುವಷ್ಟು ಪುರಾವೆ ಇಲ್ಲ ಎಂದಿತು. ಮರುವರ್ಷ ಆಕ್ಸ್‌ಫರ್ಡ್‌ನ ಕಾರ್ಲ್ ಹೆನೆಗನ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿ, ಸಂಬಂಧ ಕಾಣುತ್ತದೆ ಎಂದರು. 2020ರಲ್ಲಿ ಬ್ಯಾರನೆಸ್ ಜೂಲಿಯಾ ಕಂಬರ್‌ಲೆಜ್ ನೇತೃತ್ವದ ಪರಿಶೀಲನೆ ಬೇರೆ ಕಡೆಯಿಂದ ನೋಡಿತು. ಹಾನಿ ಸಾಬೀತಾಯಿತೋ ಇಲ್ಲವೋ ಎಂಬುದಕ್ಕಿಂತ, 1967ರಲ್ಲಿ ಅನುಮಾನ ಎದ್ದಾಗಲೇ ಈ ಪರೀಕ್ಷೆ ನಿಲ್ಲಬೇಕಿತ್ತು ಎಂಬುದು ಅದರ ತೀರ್ಮಾನ. 2023ರಲ್ಲಿ ಅಲ್ಲಿನ ಹೈಕೋರ್ಟ್ ಕುಟುಂಬಗಳ ಪರಿಹಾರದ ದಾವೆಯನ್ನು ತಳ್ಳಿಹಾಕಿತು. ಆ ಮಕ್ಕಳಿಗೆ ಈಗ ಐವತ್ತು ದಾಟಿದೆ. ಕೆಲವರ ತಾಯಂದಿರು ಉತ್ತರ ಸಿಗದೆಯೇ ತೀರಿಕೊಂಡರು.

ಬ್ರಿಟನ್ನಿನಲ್ಲಾದರೂ ತಾಯಂದಿರ ಹೆಸರಿದೆ, ಸಂಘಟನೆ ಇದೆ, ಸಂಸತ್ತಿನಲ್ಲಿ ಚರ್ಚೆ ಆಗಿದೆ. ನಮ್ಮಲ್ಲಿ ಚುಚ್ಚಿಸಿಕೊಂಡವರದ್ದು ಹಾಗಲ್ಲ. ಚೀಟಿ ಇಲ್ಲದ ಇಂಜೆಕ್ಷನ್‌ಗೆ ದಾಖಲೆ ಎಲ್ಲಿಂದ ಬರಬೇಕು? ಅಂಗವಿಕಲ ಮಗು ಹುಟ್ಟಿದರೆ ಗ್ರಹಣದ ಮೇಲೆ, ಹಿಂದಿನ ಜನ್ಮದ ಮೇಲೆ, ಕೊನೆಗೆ ತಾಯಿಯ ಮೇಲೆಯೇ ಹಾಕುವ ಊರುಗಳಲ್ಲಿ ಆ ಆಂಪ್ಯೂಲಿನ ಬಗ್ಗೆ ಯಾರೂ ಕೇಳಲಿಲ್ಲ.

ಎಸ್ಟ್ರಡಯಾಲ್ ಬೆಂಜೊಯೇಟ್ ಕಥೆ ಏನಾಯಿತು? ಜೋಡಿ ಇಂಜೆಕ್ಷನ್‌ಗೆ ಬಿದ್ದ ಪೆಟ್ಟು ಒಂದು ಕಡೆ. ಇನ್ನೊಂದು ಕಡೆ ಅದಕ್ಕಿಂತ ಒಳ್ಳೆಯ ತಮ್ಮಂದಿರು ಹುಟ್ಟಿದ್ದರು. 1950ರ ದಶಕದಲ್ಲಿ ಶೆರಿಂಗ್‌ನ ಕಾರ್ಲ್ ಯುಂಕ್‌ಮನ್ ತಂಡ ಬೇರೆ ಬೇರೆ ಉದ್ದದ ಬಾಲ ಅಂಟಿಸಿ ನೋಡಿತು. ವ್ಯಾಲರೇಟ್ ಬಾಲ ಹಾಕಿದರೆ ಒಂದು ವಾರದಷ್ಟು ಬಾಳಿಕೆ. ಅಂಡೆಸಿಲೇಟ್ ಎಂಬ ಉದ್ದ ಬಾಲ ಹಾಕಿದರೆ ಇನ್ನೂ ಬಹಳ ದಿನ. ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಗಂಡಸರಿಗೂ ಇಂಥ ದೀರ್ಘ ಬಾಳಿಕೆಯ ಇಂಜೆಕ್ಷನ್ ಕೊಟ್ಟರು. ಆಮೇಲೆ ಮಾತ್ರೆ, ಚರ್ಮಕ್ಕೆ ಅಂಟಿಸುವ ಪಟ್ಟಿ, ಜೆಲ್ ಬಂದು ಇಂಜೆಕ್ಷನ್ನೇ ಹಿಂದೆ ಬಿತ್ತು. ಮನುಷ್ಯರ ಬಳಕೆಯಲ್ಲಿ ಬೆಂಜೊಯೇಟ್ ಬಹಳಷ್ಟು ದೇಶಗಳಲ್ಲಿ ಈಗ ಇಲ್ಲ.

ದನಗಳಲ್ಲಿ ಮಾತ್ರ ಇದೆ. ಬ್ರೆಜಿಲ್‌ನಂಥ ದೇಶಗಳ ದೊಡ್ಡ ಪಶು ಫಾರಂಗಳಲ್ಲಿ ಹಸುಗಳನ್ನೆಲ್ಲ ಒಂದೇ ಹೊತ್ತಿಗೆ ಬೆದೆಗೆ ತಂದು ಕೃತಕ ಗರ್ಭಧಾರಣೆ ಮಾಡಲು, ಪ್ರೊಜೆಸ್ಟರಾನ್ ಸಾಧನದ ಜೊತೆ ಇದೇ ಎಸ್ಟ್ರಡಯಾಲ್ ಬೆಂಜೊಯೇಟ್ ಚುಚ್ಚುತ್ತಾರೆ. ಯುರೋಪಿನವರು ಆಹಾರಕ್ಕೆ ಬಳಸುವ ಪಶುಗಳಿಗೆ ಎಸ್ಟ್ರಡಯಾಲ್ ಕೊಡಬಾರದು ಎಂದು ಬಾಗಿಲು ಹಾಕಿದ್ದಾರೆ.

ಹೆಂಗಸರ ಪ್ರಶ್ನೆಗೆ ಉತ್ತರ ಮತ್ತೆ ಮೂತ್ರಕ್ಕೇ ಬಂದಿದೆ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ನಿಶ್ಚಯ್ ಎಂಬ ಕಿಟ್ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಮುಟ್ಟು ತಪ್ಪಿದ ಮೇಲೆ ಬೆಳಗಿನ ಮೂತ್ರದ ಕೆಲವು ಹನಿ ಹಾಕಿದರೆ ಐದು ನಿಮಿಷದಲ್ಲಿ ಒಂದು ಗೆರೆಯೋ ಎರಡು ಗೆರೆಯೋ ಗೊತ್ತಾಗುತ್ತದೆ. ಆ ಪಟ್ಟಿ ಹುಡುಕುವುದು, ಆಶ್‌ಹೈಮ್ ಮತ್ತು ಝೊಂಡೆಕ್‌ರ ಇಲಿ ತೊಂಬತ್ತಕ್ಕೂ ಹೆಚ್ಚು ವರ್ಷದ ಹಿಂದೆ ಪತ್ತೆ ಹಚ್ಚಿದ್ದ ಅದೇ ಹಾರ್ಮೋನನ್ನು.

ಇಂಜೆಕ್ಷನ್ ಹೋದರೂ ಆ ಐದು ನಿಮಿಷದ ಗುಟ್ಟಿನ ವ್ಯವಹಾರ ಹೋಗಿಲ್ಲ. ಈಗ ಅದೇ ಜಾಗದಲ್ಲಿ ಗರ್ಭಪಾತದ ಮಾತ್ರೆಯ ಕಿಟ್ ಇದೆ. ಅದು ಇಪಿ ಫೋರ್ಟೆಯಂತೆ ಹುಸಿಯಲ್ಲ, ನಿಜವಾಗಿ ಕೆಲಸ ಮಾಡುವ ಔಷಧಿ. ವೈದ್ಯರ ಕಣ್ಣೆದುರು, ಎಷ್ಟು ವಾರ ಎಂದು ನೋಡಿ, ಗರ್ಭ ನಾಳದಲ್ಲಿ ನಿಂತಿಲ್ಲ ಎಂದು ಖಚಿತ ಮಾಡಿಕೊಂಡು ಕೊಟ್ಟರೆ ಸುರಕ್ಷಿತ. ಕೌಂಟರಿನಲ್ಲಿ ಚೀಟಿ ಇಲ್ಲದೆ ಕೊಂಡು ನುಂಗಿ, ರಕ್ತಸ್ರಾವ ನಿಲ್ಲದೆ ರಾತ್ರಿ ಆಂಬುಲೆನ್ಸ್‌ಗೆ ಫೋನ್ ಮಾಡುವ ಪರಿಸ್ಥಿತಿ ಬಂದರೆ, 108ರವರಿಗೂ ಆಸ್ಪತ್ರೆಯವರಿಗೂ ಏನು ನುಂಗಿದ್ದು, ಯಾವಾಗ ನುಂಗಿದ್ದು ಎಂಬುದನ್ನು ಮುಚ್ಚಿಡದೆ ಹೇಳಿ. ಮಾತ್ರೆಯ ಖಾಲಿ ಪಟ್ಟಿ ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ.